ಎರಡು ಮ್ಯಾಟ್ ಹಾಸಿ

ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಯೋಗ ಮಾಡುವ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗಿಗಳು ಬರೆದವಲ್ಲ; ಗಂಡ, ಮಗ, ಸೊಸೆ, ತಂಗಿ ಬರೆದವು. ಬರೆದವರು ತಮ್ಮ ಬಗ್ಗೆ ಹೇಳಿಕೊಂಡದ್ದು ತೀರಾ ಕಡಿಮೆ. ಹೇಳಿದ್ದರೂ ಅದು ಆವರಣ ಚಿಹ್ನೆಯೊಳಗೆ ಅಡಗಿದೆ. ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದು ಆಮೇಲೆ ಯೋಗ ಕಲಿಸಲು ಬಂದವಳಾದ್ದರಿಂದ ನನ್ನ ಕಣ್ಣು ಹಾಸಿಗೆಗಿಂತ ಮೊದಲು ಅದರ ಪಕ್ಕದ ಕುರ್ಚಿಯ ಕಡೆಗೆ ಹೋಗುತ್ತದೆ. ಉತ್ತರಗಳಲ್ಲೂ ಆ ಪಕ್ಷಪಾತ ಕಾಣಿಸಬಹುದು.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ಇಪ್ಪತ್ತೊಂದು ದಿನಕ್ಕೊಮ್ಮೆ ಕಿಮೋ ಕೊಡುತ್ತಿದ್ದಾರೆ. ಯೋಗದಿಂದ ಸುಸ್ತು ಕಡಿಮೆಯಾಗುತ್ತದೆ ಎಂದು ಓದಿದ ಮೇಲೆ ದಿನವೂ ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ಮೊಬೈಲಿನಲ್ಲಿ ವಿಡಿಯೊ ಹಾಕಿಕೊಟ್ಟು, ಪಕ್ಕದಲ್ಲೇ ನಿಂತು ಮಾಡಿಸುತ್ತಿದ್ದೇನೆ. ಈಚೆಗೆ ಎಬ್ಬಿಸಲು ಹೋದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾಳೆ. ಅವಳಲ್ಲಿ ಛಲ ಹುಟ್ಟಿಸುವುದು ಹೇಗೆ? (ನನಗೂ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅದಿರಲಿ.) — ಹೆಸರು ಬೇಡ

ಉತ್ತರ: ಮೊದಲು ಆ ಅಲಾರಂ ನಿಲ್ಲಿಸಿ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆರು ಗಂಟೆಯ ಬಗ್ಗೆ ಇದೆ.

ಕಿಮೋ ತರುವ ಸುಸ್ತು ದುಡಿದು ಬಂದ ಸುಸ್ತಿನಂತಲ್ಲ. ಎಂಟು ಗಂಟೆ ಮಲಗಿ ಎದ್ದರೂ ಅದು ಅಲ್ಲೇ ಇರುತ್ತದೆ. ಔಷಧ, ರಕ್ತಹೀನತೆ, ನೋವು, ಆತಂಕ, ಕೆಟ್ಟ ನಿದ್ದೆ, ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಕಿಮೋ ದಿನ ವಾಂತಿ ತಡೆಯಲು ಸಾಮಾನ್ಯವಾಗಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಒಂದೆರಡು ರಾತ್ರಿ ನಿದ್ದೆಯನ್ನೇ ಕಸಿಯಬಹುದು. ಅಂಥ ರಾತ್ರಿ ಕಳೆದು ನಸುಕಿನಲ್ಲಿ ಕಣ್ಣು ಮುಚ್ಚಿದವರನ್ನು ನೀವು ಆರಕ್ಕೆ ಎಬ್ಬಿಸುತ್ತಿದ್ದೀರಿ. ಗೋಡೆಯ ಕಡೆ ತಿರುಗದೆ ಅವರು ಇನ್ನೇನು ಮಾಡಬೇಕು? ಇದರಲ್ಲಿ ಛಲದ ಮಾತೇ ಬರುವುದಿಲ್ಲ. ಸುಸ್ತು ಇದ್ದಕ್ಕಿದ್ದಂತೆ ಹೆಚ್ಚಿದ್ದರೆ ಯೋಗಕ್ಕಿಂತ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ಎಂದು ವೈದ್ಯರನ್ನು ಕೇಳಿ.

ಇಪ್ಪತ್ತೊಂದು ದಿನಗಳೂ ಒಂದೇ ಬಗೆಯಲ್ಲಿ ಇರುವುದಿಲ್ಲ. ಮೊದಲ ಕೆಲವು ದಿನ ವಾಕರಿಕೆ, ಮೈಕೈ ನೋವು. ಸುಮಾರು ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣಗಳು ಕೆಳಗಿಳಿಯುತ್ತವೆ. ಆಗ ಹತ್ತಾರು ಜನ ಸೇರುವ ತರಗತಿ ಬೇಡ, ಮನೆಯಲ್ಲೇ ಆಗಲಿ. ಮೂರನೆಯ ವಾರ ಎಷ್ಟೋ ಜನರಿಗೆ ಮೈ ಹಗುರವಾಗುತ್ತದೆ. ಎದ್ದು ನಿಂತು ಮಾಡುವ ಆಸನಗಳೆಲ್ಲ ಆ ವಾರಕ್ಕೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಎರಡು ಸುತ್ತು ಮುಗಿಯುವುದರೊಳಗೆ ಅವರ ದೇಹದ ಲೆಕ್ಕ ನಿಮಗೇ ಸಿಗುತ್ತದೆ. ಈ ನಡುವೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮ್ಯಾಟ್ ಸುತ್ತಿಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ಕೆಟ್ಟ ದಿನಗಳಲ್ಲಿ ಏನು ಮಾಡಿಸುವುದು ಎಂದು ಕೇಳುತ್ತೀರಿ. ಹಾಸಿಗೆಯಿಂದ ಏಳುವುದೇ ಬೇಡ. ಅಂಗಾತ ಮಲಗಿ, ಮೊಣಕಾಲುಗಳ ಕೆಳಗೆ ದಪ್ಪ ದಿಂಬು, ತಲೆಯ ಕೆಳಗೆ ತೆಳ್ಳಗಿನದು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಪಕ್ಕಕ್ಕೆ. ಕಾಲ್ಬೆರಳುಗಳನ್ನು ಮುದುಡಿ ಬಿಚ್ಚುವುದು, ಪಾದವನ್ನು ಮೇಲಕ್ಕೆ ಎಳೆದು ಬಿಡುವುದು, ಮಣಿಕಟ್ಟು ತಿರುಗಿಸುವುದು. ಆಮೇಲೆ ಉಸಿರು. ಒಳಗೆ ಬರುವುದು ತಾನಾಗಿ ಬರಲಿ. ಹೊರಗೆ ಹೋಗುವುದು ಸ್ವಲ್ಪ ನಿಧಾನವಾಗಲಿ. ಎಣಿಸುವುದು ಬೇಡ, ತಡೆದು ಹಿಡಿಯುವುದಂತೂ ಬೇಡವೇ ಬೇಡ. ಹತ್ತು ನಿಮಿಷಕ್ಕೆ ನಿದ್ದೆ ಬಂದರೆ ಅಭ್ಯಾಸ ಚೆನ್ನಾಗಿ ಆಯಿತು ಎಂದೇ ಅರ್ಥ. ವೇಳೆ ಯಾವುದೆಂದು ಅವರೇ ಹೇಳಲಿ. ಕಿಮೋ ಯಾವಾಗ, ಸ್ಕ್ಯಾನ್ ಯಾವಾಗ, ರಕ್ತ ಪರೀಕ್ಷೆ ಯಾವಾಗ ಎಂಬುದನ್ನೆಲ್ಲ ಬೇರೆಯವರೇ ತೀರ್ಮಾನಿಸುವ ಕಾಲದಲ್ಲಿ ಇದೊಂದಾದರೂ ಅವರ ಕೈಯಲ್ಲಿರಲಿ.

ಈಗ ಆವರಣದೊಳಗಿನ ವಾಕ್ಯಕ್ಕೆ ಬರುತ್ತೇನೆ. "ಅದಿರಲಿ" ಎಂದರೆ ಹೇಗೆ? ಮೇಲ್ವಿಚಾರಕರಂತೆ ಪಕ್ಕದಲ್ಲಿ ನಿಲ್ಲುವುದನ್ನು ಬಿಟ್ಟು ಇನ್ನೊಂದು ಮ್ಯಾಟ್ ಹಾಸಿ ನೀವೂ ಮಲಗಿ. ಮಲಗಿದವರಿಗೆ ನಿಂತವರು ಯಾವಾಗಲೂ ಪರೀಕ್ಷಕರ ಹಾಗೆಯೇ ಕಾಣುತ್ತಾರೆ. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಕ್ಯಾಥ್ರಿನ್ ಮಿಲ್ಬರಿ ಮತ್ತು ಸಂಗಡಿಗರು ಎದೆಭಾಗಕ್ಕೆ ರೇಡಿಯೇಷನ್ ಪಡೆಯುವ ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಜೋಡಿಯಾಗಿ ಕೂರಿಸಿ ಯೋಗ ಮಾಡಿಸಿದರು. ಪ್ರಯೋಗ ಚಿಕ್ಕದು, ಅದನ್ನಿಟ್ಟುಕೊಂಡು ಡಂಗುರ ಸಾರಬಾರದು. ಆದರೂ ಯೋಗ ಮಾಡಿದ ರೋಗಿಗಳ ನಡೆಯುವ ಶಕ್ತಿ ಚಿಕಿತ್ಸೆಯ ನಡುವೆಯೂ ಚೆನ್ನಾಗಿ ಉಳಿಯಿತು. ಜೊತೆಗಿದ್ದವರಿಗೂ ಉಪಯೋಗವಾಗುವ ಲಕ್ಷಣಗಳು ಕಂಡವು.

ನೀವಿಬ್ಬರೂ ಮಾಡಬಹುದಾದದ್ದು ಒಂದು: ಬೆನ್ನಿಗೆ ಬೆನ್ನು ತಾಗಿಸಿ ಎರಡು ಸ್ಟೂಲುಗಳ ಮೇಲೆ ಕುಳಿತುಕೊಳ್ಳಿ. ಮಾತು ಬೇಡ. ಅವರ ಉಸಿರಿಗೆ ನಿಮ್ಮ ಬೆನ್ನು ಸ್ವಲ್ಪ ಏರಿ ಇಳಿಯುವುದು ಗೊತ್ತಾಗುತ್ತದೆ. ಮುಖಾಮುಖಿ ಕುಳಿತರೆ ಇಬ್ಬರೂ ಧೈರ್ಯದ ಮುಖ ಹೊತ್ತುಕೊಳ್ಳಬೇಕಾಗುತ್ತದೆ. ಹೀಗೆ ಕುಳಿತಾಗ ಆ ಕಷ್ಟವಿಲ್ಲ. ಐದು ನಿಮಿಷ ಸಾಕು. ಕಿಮೋ ಪೋರ್ಟ್ (ಔಷಧ ಕೊಡಲು ಚರ್ಮದ ಕೆಳಗೆ ಕೂರಿಸುವ ಪುಟ್ಟ ಸಾಧನ) ಇದ್ದರೆ ಆ ಜಾಗಕ್ಕೆ ಒತ್ತಡ ಬೀಳದಂತೆ ನೋಡಿಕೊಳ್ಳಿ.

ರಾತ್ರಿ ಎರಡಕ್ಕೆ ಎಚ್ಚರವಾದಾಗ ಮೊಬೈಲ್ ತೆಗೆದು ರೋಗದ ಬಗ್ಗೆ ಓದುತ್ತೀರಿ ಎಂದು ನನ್ನ ಊಹೆ. ಅದರ ಬದಲು ನೆಲದ ಮೇಲೆ ಮಲಗಿ ಎರಡೂ ಕಾಲುಗಳನ್ನು ಕುರ್ಚಿಯ ಮೇಲಿಟ್ಟು, ಬಾಯಿ ಮುಚ್ಚಿ, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಮಾಡಿ, ನಿಮಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ವಾರಕ್ಕೊಂದು ದಿನ ಅವರ ಜೊತೆ ಬೇರೆಯವರನ್ನು ಬಿಟ್ಟು ನೀವೊಬ್ಬರೇ ಒಂದು ತರಗತಿಗೆ ಹೋಗಿ. ನಿದ್ದೆಗೇಡು, ಏನೂ ಬೇಡವೆನಿಸುವುದು ಎರಡು ವಾರ ದಾಟಿಯೂ ಮುಂದುವರಿದರೆ ವೈದ್ಯರನ್ನು ಕಾಣಬೇಕು. ರೋಗಿಯ ಚೀಟಿಯ ಜೊತೆ ನಿಮ್ಮ ಹೆಸರಿನದೂ ಒಂದು ಚೀಟಿ ಆಗಲಿ, ತಪ್ಪೇನಿಲ್ಲ.

ಪ್ರಶ್ನೆ: ಅತ್ತೆಯವರಿಗೆ ಶಸ್ತ್ರಚಿಕಿತ್ಸೆ ಆಗಿದೆ. ಕಿಮೋ ಬೇಡ, ಪ್ರಾಣಾಯಾಮದಿಂದಲೇ ಗಡ್ಡೆ ಕರಗಿದವರಿದ್ದಾರೆ ಎಂದು ಹಿರಿಯ ಸಂಬಂಧಿಕರೊಬ್ಬರು ಪಟ್ಟು ಹಿಡಿದಿದ್ದಾರೆ. ಮನೆಯಲ್ಲಿ ಎರಡು ಬಣವಾಗಿದೆ. ಸೊಸೆಯಾದ ನಾನು ಬಾಯಿ ಬಿಟ್ಟರೆ ತಪ್ಪಾಗುತ್ತದೆ. — ಒಬ್ಬ ಓದುಗಿ

ಉತ್ತರ: ಹಾಗಾದರೆ ನಿಮ್ಮ ಪರವಾಗಿ ನಾನು ಬಾಯಿ ಬಿಡುತ್ತೇನೆ, ಈ ಪುಟವನ್ನು ಅವರ ಕೈಗೆ ಕೊಡಿ. ಯೋಗ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುವುದಿಲ್ಲ. ಯೋಗ ಕಲಿಸಿ ಹೊಟ್ಟೆ ಹೊರೆಯುವವಳೇ ಈ ಮಾತು ಹೇಳುತ್ತಿದ್ದೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸಿಯಾಗಬಹುದಾದ ಹಂತದಲ್ಲಿದ್ದರೂ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನೆಚ್ಚಿಕೊಂಡವರ ಸಾವಿನ ಅಪಾಯ, ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು.

ಯೋಗಕ್ಕೆ ಇರುವ ಕೆಲಸವೇ ಬೇರೆ. ನಿದ್ದೆ, ಸುಸ್ತು, ಆತಂಕ, ಬಿಗಿದ ಕೀಲುಗಳು, ಇವು ಅದರ ಕ್ಷೇತ್ರ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಕ್ಯಾರೆನ್ ಮಸ್ಟಿಯನ್ ತಂಡ ಚಿಕಿತ್ಸೆ ಮುಗಿಸಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ 410 ಜನರ ಮೇಲೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ನಾಲ್ಕು ವಾರ, ವಾರಕ್ಕೆರಡು ಸಲ, 75 ನಿಮಿಷ ಮೃದುವಾದ ಯೋಗ ಮಾಡಿಸಿದ್ದರು. ಆ ಗುಂಪಿನವರ ನಿದ್ದೆ ಸುಧಾರಿಸಿತು, ನಿದ್ದೆ ಮಾತ್ರೆಯ ಬಳಕೆ ತಗ್ಗಿತು. ಮರುವರ್ಷ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 200 ಮಹಿಳೆಯರಲ್ಲಿ ಹನ್ನೆರಡು ವಾರಗಳ ಹಠಯೋಗದಿಂದ ಸುಸ್ತು ಇಳಿದದ್ದನ್ನು ತೋರಿಸಿತು. ಹಿರಿಯರಿಗೆ ಯೋಗದ ಮೇಲೆ ಅಷ್ಟು ನಂಬಿಕೆಯಿದ್ದರೆ ಒಳ್ಳೆಯದೇ ಆಯಿತು. ಕಿಮೋಗೆ ಕರೆದುಕೊಂಡು ಹೋಗಿ ಬಂದ ಸಂಜೆ ಅತ್ತೆಯವರ ಪಕ್ಕದಲ್ಲಿ ಕುಳಿತು ಅವರೇ ಪ್ರಾಣಾಯಾಮ ಹೇಳಿಕೊಡಲಿ.

ಪ್ರಶ್ನೆ: ಬಲಗಡೆಯ ಸ್ತನ ಮತ್ತು ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರೆ. ಕೈ ಊದಿಕೊಳ್ಳುತ್ತದೆ ಎಂಬ ಭಯದಿಂದ ಆ ಕೈಯನ್ನು ಅಲುಗಾಡಿಸುವುದನ್ನೇ ಬಿಟ್ಟಿದ್ದೇನೆ. ಈಗ ಭುಜ ಮೇಲೇಳುತ್ತಿಲ್ಲ.

ಉತ್ತರ: ಭಯ ಅರ್ಥವಾಗುತ್ತದೆ, ಆದರೆ ಮದ್ದು ಉಲ್ಟಾ ಆಗಿದೆ. ಗ್ರಂಥಿ ತೆಗೆದ ಕಡೆ ಊತ, ಅಂದರೆ ಲಿಂಫೆಡಿಮಾ, ವರ್ಷಗಳ ನಂತರವೂ ಬರಬಹುದು ಎಂಬುದು ನಿಜ. ಹಾಗೆಂದು ಕೈಯನ್ನು ಮಡಿಸಿಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ಈಗಾಗಲೇ ಊತ ಇದ್ದವರು ಕೂಡ ಮೇಲುಸ್ತುವಾರಿಯಲ್ಲಿ ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸುತ್ತ ಎತ್ತಿದರೆ ಊತ ಹೆಚ್ಚುವುದಿಲ್ಲ ಎಂದು ಅಮೆರಿಕದ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಜ್ ಅವರ ತಂಡ 2009ರಲ್ಲೇ ತೋರಿಸಿತು.

ಮೊದಲು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಲಿ. ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದ ಕೆಳಗೆ ದಾರ ಬಿಗಿದಂತೆ ಅನಿಸುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಅನೇಕರಿಗೆ ಹಾಗಾಗುತ್ತದೆ, ಸರಿಯಾದ ವ್ಯಾಯಾಮದಿಂದ ಸಡಿಲವಾಗುತ್ತದೆ. ಅವರು ಒಪ್ಪಿದ ಮೇಲೆ ಗೋಡೆಗೆ ಮುಖ ಮಾಡಿ ನಿಂತು ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಹತ್ತಿಸಿ. ಎಳೆತ ತಿಳಿದ ಕಡೆ ನಿಲ್ಲಿಸಿ, ಅಲ್ಲೇ ಎರಡು ಉಸಿರು, ಅದೇ ದಾರಿಯಲ್ಲಿ ಇಳಿಸಿ. ಕೈಯನ್ನು ಧಡಕ್ಕನೆ ಕೆಳಗೆ ಬಿಡಬೇಡಿ. ಪೆನ್ಸಿಲಿನಿಂದ ಗುರುತು ಹಾಕಬಹುದು, ಆದರೆ ವಾರಕ್ಕೊಮ್ಮೆ ಮಾತ್ರ; ದಿನವೂ ಅಳೆದರೆ ದಿನವೂ ಬೇಸರ. ಅಧೋಮುಖ ಶ್ವಾನಾಸನ, ಹಲಗೆಯಂತೆ ನಿಲ್ಲುವ ಭಂಗಿ, ಹೀಗೆ ಅಂಗೈ ಮೇಲೆ ಮೈಭಾರ ಹೊರುವ ಯಾವುದೂ ಸದ್ಯಕ್ಕೆ ಬೇಡ. ಉಂಗುರ ಅಥವಾ ರವಿಕೆಯ ತೋಳು ಬಿಗಿಯಾಯಿತೆನಿಸಿದರೆ, ಕೈ ಭಾರ ಎನಿಸಿದರೆ, ಕೆಂಪಾಗಿ ಬಿಸಿಯಾದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಒತ್ತುತೋಳು, ಅಂದರೆ ಊತ ತಡೆಯಲು ಕೈಗೆ ಬಿಗಿಯಾಗಿ ತೊಡುವ ಪಟ್ಟಿ, ಹಾಕಿಕೊಳ್ಳಲು ಹೇಳಿದ್ದರೆ ಯೋಗದ ಹೊತ್ತಿನಲ್ಲೂ ಅದು ಇರಲಿ.

ಪ್ರಶ್ನೆ: ತಂದೆಯವರು ಬಹಳ ವರ್ಷಗಳಿಂದ ಸೂರ್ಯನಮಸ್ಕಾರ ಮಾಡುತ್ತ ಬಂದವರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. "ಇದನ್ನೂ ಬಿಟ್ಟರೆ ನಾನು ಯಾರು?" ಎಂದು ಕೇಳುತ್ತಾರೆ. ತಡೆಯಲೇ, ಬಿಡಲೇ?

ಉತ್ತರ: ಕ್ಯಾನ್ಸರ್ ತಜ್ಞರು ನೋಡಿ ಒಪ್ಪುವವರೆಗೆ ಸೂರ್ಯನಮಸ್ಕಾರವನ್ನು ನಿಲ್ಲಿಸಲೇಬೇಕು. ರೋಗ ಹೊಕ್ಕ ಮೂಳೆ ಒಳಗೇ ದುರ್ಬಲವಾಗಿರುತ್ತದೆ. ಮುಂದಕ್ಕೆ ಬಾಗುವುದು, ಹಿಂದಕ್ಕೆ ಬಳುಕುವುದು, ಸೊಂಟ ತಿರುಚುವುದು ಅದನ್ನು ಮುರಿಯಬಹುದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯೂ ಮೂಳೆಯನ್ನು ತೆಳುವಾಗಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತು: ಬೆನ್ನಿನಲ್ಲಿ ಹೊಸ ನೋವು, ಅದರಲ್ಲೂ ಮಲಗಿದಾಗ ಅಥವಾ ಕೆಮ್ಮಿದಾಗ ಹೆಚ್ಚುವ ನೋವು, ಕಾಲಿನಲ್ಲಿ ಶಕ್ತಿ ಕುಂದುವುದು, ಜೋಮು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಅಮುಕಿದ್ದರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ತಂದೆಯವರ ಪ್ರಶ್ನೆಗೆ ನಿಮ್ಮಿಂದ ಉತ್ತರ ಬೇಕಿಲ್ಲ, ಅವರು ಮಾಡಲು ಏನಾದರೂ ಬೇಕು. ಎಂದಿನ ಹೊತ್ತಿಗೆ, ಎಂದಿನ ಜಾಗದಲ್ಲಿ, ನೇರ ಬೆನ್ನಿನ ಕುರ್ಚಿ ಹಾಕಿ. ಬೆನ್ನು ಬಾಗಿಸದೆ, ತಿರುಚದೆ, ನೋವಿಲ್ಲದಷ್ಟು ಮಾತ್ರ ಕೈಗಳನ್ನು ಉಸಿರಿನ ಜೊತೆ ಎತ್ತಿ ಇಳಿಸಲಿ. ಇಷ್ಟಕ್ಕೂ ವೈದ್ಯರ ಒಪ್ಪಿಗೆ ಪಡೆಯಿರಿ. ಆಮೇಲೆ ನೀವು ಅವರ ಮುಂದೆ ನಿಂತು ಸೂರ್ಯನಮಸ್ಕಾರ ಹಾಕಿ, ಅವರು ಕುಳಿತು ತಿದ್ದಲಿ. ಇಷ್ಟು ವರ್ಷ ಮಾಡಿದವರ ಕಣ್ಣಿಗೆ ನಿಮ್ಮ ತಪ್ಪುಗಳು ಬೇಕಾದಷ್ಟು ಸಿಗುತ್ತವೆ. ಬೈಸಿಕೊಳ್ಳಿ.

ಪ್ರಶ್ನೆ: ನಾನು ಯೋಗ ಶಿಕ್ಷಕಿ. ಕ್ಯಾನ್ಸರ್ ರೋಗಿಗಳಿಗಾಗಿ ತರಗತಿ ಶುರುಮಾಡಬೇಕೆಂದಿದ್ದೇನೆ. ಯಾವ ಆಸನಗಳನ್ನು ಕಲಿಸಲಿ?

ಉತ್ತರ: ಆಸನದ ಪಟ್ಟಿ ಕೊನೆಗೆ. ಮೊದಲು ಬೇಕಾದದ್ದು ಪ್ರಶ್ನೆಗಳ ಪಟ್ಟಿ. ಯಾವ ಕ್ಯಾನ್ಸರ್, ಚಿಕಿತ್ಸೆ ಯಾವ ಹಂತದಲ್ಲಿದೆ, ಮೂಳೆಗೆ ಅಥವಾ ಮಿದುಳಿಗೆ ಹರಡಿದೆಯೇ, ಪ್ಲೇಟ್‌ಲೆಟ್ ಎಷ್ಟು, ಪೋರ್ಟ್ ಅಥವಾ ತೋಳಿನಲ್ಲಿ ಪಿಕ್ ಲೈನ್ (ಔಷಧ ಕೊಡುವ ತೆಳ್ಳನೆಯ ನಳಿಕೆ) ಇದೆಯೇ, ಹೊಟ್ಟೆಯ ಮೇಲೆ ಸ್ಟೋಮಾ ಚೀಲ (ಮಲ ಅಥವಾ ಮೂತ್ರ ಹೊರಬರಲು ಮಾಡಿದ ತೂತಿಗೆ ಅಂಟಿಸುವ ಚೀಲ) ಇದೆಯೇ, ಪಾದ ಜೋಮು ಹಿಡಿಯುತ್ತದೆಯೇ. ಕೊನೆಯದನ್ನು ಬಹಳ ಶಿಕ್ಷಕರು ಕೇಳುವುದೇ ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂಥ ಔಷಧಗಳು ನರಗಳನ್ನು ಕೆಡಿಸಿ ಅಂಗಾಲಿನ ಸ್ಪರ್ಶವನ್ನೇ ಕುಗ್ಗಿಸುತ್ತವೆ. ಅಂಥವರನ್ನು ಒಂಟಿಕಾಲಿನ ವೃಕ್ಷಾಸನದಲ್ಲಿ ಕೋಣೆಯ ನಡುವೆ ನಿಲ್ಲಿಸಿದರೆ ಬೀಳುತ್ತಾರೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಬಿದ್ದರೆ ಒಳಗೇ ರಕ್ತಸ್ರಾವವಾಗಬಹುದು. ಗೋಡೆ, ಕುರ್ಚಿ ಹತ್ತಿರವಿರಲಿ. ಸ್ಟೋಮಾ ಇರುವವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ, ಮಿದುಳಿನ ಗಡ್ಡೆಯವರಿಗೆ ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಬೇಡ. ಮಿದುಳಿನ ಗಡ್ಡೆಯವರಿಗೆ ತಲೆ ಕೆಳಗಾಗುವ ಭಂಗಿಗಳೂ ಬೇಡ. ಕಾದ ಕೋಣೆಯಲ್ಲಿ ಬೆವರಿಳಿಸುವ ಯೋಗವಂತೂ ಯಾರಿಗೂ ಬೇಡ.

ಕೋಣೆಯಲ್ಲಿ ಯಾವ ಸುಗಂಧವೂ ಇರಬಾರದು. ನಿಮಗೆ ಹಿತವಾದ ಪರಿಮಳ ಅವರಿಗೆ ವಾಕರಿಕೆ ತರುತ್ತದೆ. ದೊಡ್ಡ ಕನ್ನಡಿ ಇದ್ದರೆ ಬಟ್ಟೆ ಮುಚ್ಚಿ. ಟೋಪಿ, ವಿಗ್ ತೆಗೆಯಲು ಯಾರೂ ಹೇಳಬಾರದು, ತೆಗೆದರೆ ಯಾರೂ ನೋಡಬಾರದು. ಕೇಳದೆ ಮೈ ಮುಟ್ಟಿ ಭಂಗಿ ತಿದ್ದಬೇಡಿ. ಎಷ್ಟೋ ತಿಂಗಳು ಯಾರ್‍ಯಾರೋ ಮುಟ್ಟಿ ಪರೀಕ್ಷಿಸಿದ ಮೈ ಅದು. "ಪಾಸಿಟಿವ್ ಆಗಿರಿ" ಎನ್ನುವ ಮಾತನ್ನು ತರಗತಿಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ. ರೋಗ ಮರುಕಳಿಸಿದವರಿಗೆ ಅದು, ನೀನು ಸಾಕಷ್ಟು ನಗಲಿಲ್ಲ, ಅದಕ್ಕೇ ಹೀಗಾಯಿತು ಎಂದು ಕೇಳಿಸುತ್ತದೆ.

ರೋಗಿಯನ್ನು ಕರೆತಂದವರನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ಹೆಚ್ಚಿನ ತರಗತಿಗಳಲ್ಲಿ ನಾನು ಕಾಣುವ ದೃಶ್ಯ ಅದೇ: ಒಳಗೆ ಶವಾಸನ, ಹೊರಗೆ ಫೈಲು, ನೀರಿನ ಬಾಟಲಿ ಹಿಡಿದು ತೂಕಡಿಸುವ ಮಗಳು. ರೋಗಿಯನ್ನು ಎತ್ತಿ ಕೂರಿಸಿ ಅವಳ ನಡುವೂ ನೊಂದಿರುತ್ತದೆ. ಒಳಗೆ ಕರೆಯಿರಿ, ಅವಳಿಗೂ ಜಾಗ ಕೊಡಿ. ತಿಂಗಳಿಗೆ ಒಂದು ತರಗತಿ ನೋಡಿಕೊಳ್ಳುವವರಿಗೆ ಮಾತ್ರ ಮೀಸಲಿಡಿ. ರೋಗಿಯ ಎದುರು ಆಡಲಾಗದ ಸಿಟ್ಟು, ದಣಿವು ಅಲ್ಲಿ ಹೊರಬರುತ್ತದೆ.

ಪ್ರಶ್ನೆ: ಅಮ್ಮನಿಗೆ ಇನ್ನು ಚಿಕಿತ್ಸೆ ಇಲ್ಲ, ಆರಾಮವಾಗಿ ಇಡಿ ಎಂದು ವೈದ್ಯರು ಹೇಳಿದ್ದಾರೆ. ಈಗ ಯೋಗದಿಂದ ಏನು ಪ್ರಯೋಜನ?

ಉತ್ತರ: ಆರಾಮವೇ ಪ್ರಯೋಜನ. ಉಸಿರು ಕಟ್ಟಿದಂತಾದಾಗ ಅಮ್ಮನನ್ನು ಕುಳ್ಳಿರಿಸಿ, ಎದುರಿಗೆ ಮೇಜಿನ ಮೇಲೆ ದಿಂಬುಗಳನ್ನು ಪೇರಿಸಿ, ತೋಳುಗಳನ್ನು ಅದರ ಮೇಲೆ ಚೆಲ್ಲಿ ಮುಂದಕ್ಕೆ ಒರಗುವಂತೆ ಮಾಡಿ. ಸಣ್ಣ ಫ್ಯಾನಿನ ಗಾಳಿ ಮುಖಕ್ಕೆ ತಾಗಲಿ. ನೀವು ಪಕ್ಕದಲ್ಲಿ ಕುಳಿತು, ಅವರಿಗೆ ಕೇಳಿಸುವಂತೆ ನಿಧಾನವಾಗಿ ಉಸಿರು ಬಿಡಿ. ಹಾಗೆ ಮಾಡು ಎಂದು ಅವರಿಗೆ ಹೇಳುವ ಅಗತ್ಯವಿಲ್ಲ. ಉಪಶಾಮಕ ಚಿಕಿತ್ಸೆಯವರು, ಅಂದರೆ ನೋವು, ಸಂಕಟ ತಗ್ಗಿಸುವುದನ್ನೇ ನೋಡಿಕೊಳ್ಳುವವರು, ನೋವಿಗೆ ಮಾರ್ಫಿನ್ ಬರೆದಿದ್ದರೆ ಅದನ್ನು ಹೊತ್ತಿಗೆ ಸರಿಯಾಗಿ ಕೊಡಿ. ಪ್ರಾಣಾಯಾಮ ಇದೆಯಲ್ಲ ಎಂದು ಮಾತ್ರೆ ಉಳಿಸಬೇಡಿ.

ಚುಟುಕು ಪ್ರಶ್ನೆಗಳು

*ಆನ್‌ಲೈನ್ ತರಗತಿ ಸಾಕೇ?* — ಬಿಳಿ ರಕ್ತಕಣ ಕಡಿಮೆಯಿದ್ದಾಗ ಅದೇ ವಾಸಿ. ಶಿಕ್ಷಕರು ನಿಮ್ಮನ್ನು ನೋಡುವಂತಿರಬೇಕು, ಕೋಣೆಯಲ್ಲಿ ಇನ್ನೊಬ್ಬರು ಇರಬೇಕು. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊಗೆ ನಿಮ್ಮ ಪ್ಲೇಟ್‌ಲೆಟ್ ಗೊತ್ತಿರುವುದಿಲ್ಲ.

*ಅಣ್ಣನನ್ನು ನೋಡಿಕೊಳ್ಳುತ್ತೇನೆ. ನಾನು ಯೋಗಕ್ಕೆ ಹೋದರೆ ಸ್ವಾರ್ಥವೇ?* — ಅಲ್ಲ. ಹೋಗಿ ಬನ್ನಿ.

*ಶವಾಸನದಲ್ಲಿ ಗೊರಕೆ ಹೊಡೆಯುತ್ತೇನಂತೆ, ಪಕ್ಕದವರು ನಗುತ್ತಾರೆ.* — ಅವರಿಗೆ ಹೊಟ್ಟೆಕಿಚ್ಚು. ಒಂದು ಮಗ್ಗುಲಿಗೆ ಹೊರಳಿ, ಬೆನ್ನಿಗೆ ದಿಂಬು ಕೊಟ್ಟು ಮುಂದುವರಿಸಿ.

ಮುಂದಿನ ಸಂಚಿಕೆಗೆ ಬರೆಯುವವರು ಯಾವ ಚಿಕಿತ್ಸೆ ನಡೆಯುತ್ತಿದೆ, ಮುಗಿದು ಎಷ್ಟು ಕಾಲವಾಯಿತು ಎಂಬುದನ್ನು ತಪ್ಪದೆ ತಿಳಿಸಿ. ರೋಗಿಯ ಪರವಾಗಿ ಬರೆಯುತ್ತಿದ್ದರೆ ನೀವು ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ ಎಂದೂ ಬರೆಯಿರಿ, ಆವರಣ ಚಿಹ್ನೆ ಹಾಕದೆ.